ಅಗ್ಗದ ವಿದೇಶಿ ವಿಮಾನ ಟಿಕೆಟ್: ಉಳಿದ ದುಡ್ಡು ಯಾರದು?

"ವಿದೇಶಿ ಬಜೆಟ್ ಏರ್‌ಲೈನ್‌ಗಳು ಇಷ್ಟು ಅಗ್ಗವಾಗಿ ಹಾರಿಸುವುದು ನೌಕರರ ಹೊಟ್ಟೆ ಮೇಲೆ ಹೊಡೆದು ತಾನೇ?" ವಿಮಾನಯಾನದ ಮಾತು ಬಂದಾಗಲೆಲ್ಲ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಅಗ್ಗದ ಬಹುಪಾಲು ಬರುವುದು ಸೀಟಿನ ಲೆಕ್ಕದಿಂದ, ಅದರಲ್ಲಿ ಮೋಸವಿಲ್ಲ. ಜಗಳ ಇರುವುದು ಉಳಿದ ಸಣ್ಣ ಪಾಲಿನಲ್ಲಿ. ಅಲ್ಲಿ ಕಂಪನಿ ತನಗೆ ಬೇಕಾದ ದೇಶದ ಕಾರ್ಮಿಕ ಕಾನೂನನ್ನು ಆರಿಸಿಕೊಳ್ಳುತ್ತದೆ.

ನಾರ್ವೆಯ ಬಜೆಟ್ ಏರ್‌ಲೈನ್ ನಾರ್ವೇಜಿಯನ್ ಏರ್ ಶಟಲ್‌ನ ಪ್ರಕರಣ ನೋಡಿ. 2013ರಲ್ಲಿ ಅದು ಬೋಯಿಂಗ್ 787 ತಂದು ದೂರದ ಹಾರಾಟಕ್ಕೆ ಇಳಿಯಿತು. ಅದರ 787-8ರಲ್ಲಿ 291 ಸೀಟು, ಬ್ರಿಟಿಷ್ ಏರ್‌ವೇಸ್‌ನ 787-8ರಲ್ಲಿ ಆಗ 214. ಇಂಧನ, ಲ್ಯಾಂಡಿಂಗ್ ಶುಲ್ಕ, ಪೈಲಟ್ ಸಂಬಳ ಎರಡೂ ಕಡೆ ಒಂದೇ ಎಂದಿಟ್ಟುಕೊಂಡರೂ, ವಿಮಾನ ತುಂಬಿದರೆ, ತಲಾ ಸೀಟಿನ ಖರ್ಚು ಸುಮಾರು ನಾಲ್ಕನೇ ಒಂದು ಭಾಗ ಇಳಿಯುತ್ತದೆ. ಬ್ಯಾಗಿಗೆ, ಊಟಕ್ಕೆ, ಕಿಟಕಿ ಸೀಟಿಗೆ ಬೇರೆ ಬೇರೆ ದುಡ್ಡು. ಕಷ್ಟ ಮೊಣಕಾಲಿಗೆ ಮಾತ್ರ.

ಇನ್ನು ಕಾಗದಪತ್ರ. ಮೂಲ ಕಂಪನಿ ನಾರ್ವೆಯದು. 2014ರಲ್ಲಿ ಅದರ ಅಂಗಸಂಸ್ಥೆ ಹಾರಾಟದ ಪರವಾನಗಿ ಪಡೆದದ್ದು ಐರ್ಲೆಂಡಿನಲ್ಲಿ. ದೂರದ ಹಾರಾಟದ ಸಿಬ್ಬಂದಿಯಲ್ಲಿ ಒಂದಷ್ಟು ಜನರ ನೆಲೆ ಬ್ಯಾಂಕಾಕ್, ಅವರನ್ನು ಗುತ್ತಿಗೆಗೆ ತೆಗೆದುಕೊಂಡ ಏಜೆನ್ಸಿ ಸಿಂಗಾಪುರದ್ದು. ನಾರ್ವೆ ಐರೋಪ್ಯ ಒಕ್ಕೂಟದ ಸದಸ್ಯನಲ್ಲ. ಒಕ್ಕೂಟದ ದೇಶಗಳಿಗೆ ಏಷ್ಯಾ, ಆಫ್ರಿಕಾದಲ್ಲಿ ಸಿಗುವ ಹಾರಾಟದ ಹಕ್ಕು ಬೇಕಾಗಿತ್ತು, ಅದಕ್ಕೇ ಐರ್ಲೆಂಡ್ ಎಂದು ಕಂಪನಿ ಹೇಳಿತು. ಅದು ಬರೀ ನೆಪವಲ್ಲ. ಆದರೆ ಅಮೆರಿಕದ ಪೈಲಟ್ ಸಂಘಕ್ಕೆ ಅದರಲ್ಲಿ ಕಂಡದ್ದು ಹಡಗು ಮಾಲೀಕರ ಹಳೆಯ ಉಪಾಯ: ಪನಾಮಾ, ಲೈಬೀರಿಯಾದ ಬಾವುಟ ಏರಿಸಿ ಸ್ವಂತ ದೇಶದ ಕಾನೂನಿನಿಂದ ಜಾರಿಕೊಳ್ಳುವುದು.

ಅಮೆರಿಕಕ್ಕೆ ಹಾರಲು ಈ ಐರಿಷ್ ಅಂಗಸಂಸ್ಥೆ 2013ರ ಡಿಸೆಂಬರಿನಲ್ಲಿ ಹಾಕಿದ ಅರ್ಜಿಗೆ ಅಂತಿಮ ಒಪ್ಪಿಗೆ ಸಿಕ್ಕಿದ್ದು 2016ರ ಡಿಸೆಂಬರಿನಲ್ಲಿ. ಈ ಮೂರು ವರ್ಷದ ವಾದವೆಲ್ಲ ಸುತ್ತಿದ್ದು ಎರಡೂ ಕಡೆಯ ಏರ್‌ಲೈನ್‌ಗಳನ್ನು ಪರಸ್ಪರ ಮುಕ್ತವಾಗಿ ಹಾರಲು ಬಿಡುವ ಅಮೆರಿಕ–ಯುರೋಪ್ ಓಪನ್ ಸ್ಕೈಸ್ ಒಪ್ಪಂದಕ್ಕೆ 2010ರಲ್ಲಿ ಸೇರಿಸಿದ 17 ಬಿಸ್ ಎಂಬ ವಿಧಿಯನ್ನು. ಒಪ್ಪಂದದಿಂದ ಸಿಗುವ ಅವಕಾಶಗಳು ಕಾರ್ಮಿಕ ಮಾನದಂಡಗಳನ್ನು ಕುಗ್ಗಿಸುವ ಉದ್ದೇಶದವಲ್ಲ ಎನ್ನುತ್ತದೆ ಅದು. ಕುಗ್ಗಿಸಿದರೆ ಏನು ಶಿಕ್ಷೆ, ಅರ್ಜಿ ತಿರಸ್ಕರಿಸಬಹುದೇ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಉಳಿದೆಲ್ಲ ಅರ್ಹತೆ ಇರುವ ಕಂಪನಿಯನ್ನು ಇದೊಂದರ ಮೇಲೆ ತಡೆಯಲಾಗದು ಎಂದು ಅಮೆರಿಕದ ಸಾರಿಗೆ ಇಲಾಖೆ ಒಪ್ಪಿಗೆ ಕೊಟ್ಟಿತು. ನನ್ನ ಪ್ರಕಾರ ಕಾನೂನಿನ ಓದು ಸರಿ, ವಿಧಿ ಬರೆದ ರೀತಿಯೇ ತಪ್ಪು.

ಸುರಕ್ಷತೆಯ ನಿಯಮಗಳು ಕಾಯುವುದಿಲ್ಲವೇ? ಅವು ಗಂಟೆ ಎಣಿಸುತ್ತವೆ, ಸಂಬಳ ಎಣಿಸುವುದಿಲ್ಲ. ಯುರೋಪಿನಲ್ಲಿ ಒಂದು ಕ್ಯಾಲೆಂಡರ್ ವರ್ಷಕ್ಕೆ 900 ಗಂಟೆ ಹಾರಾಟದ ಮಿತಿ ಇದೆ. ಆದರೆ ಹಾರಿದ ಗಂಟೆಗಷ್ಟೇ ಕೂಲಿ, ರಜೆ ಹಾಕಿದರೆ ಸೊನ್ನೆ ಎಂಬ ಕರಾರಿನಲ್ಲಿರುವ ಪೈಲಟ್ ಜ್ವರ ಇದ್ದರೂ ಡ್ಯೂಟಿಗೆ ಬರುವ ಒತ್ತಡ ಆ ಮಿತಿಯ ಕಣ್ಣಿಗೆ ಬೀಳುವುದಿಲ್ಲ. 1944ರ ಶಿಕಾಗೋ ಒಪ್ಪಂದದಲ್ಲಂತೂ ವಿಮಾನದ ರಾಷ್ಟ್ರೀಯತೆ ಇದೆ, ಒಳಗೆ ದುಡಿಯುವವರ ಸಂಬಳದ ಸುದ್ದಿಯೇ ಇಲ್ಲ.

ಹಲ್ಲಿರುವ ನಿಯಮವೂ ಉಂಟು. ಐರ್ಲೆಂಡಿನ ಬಜೆಟ್ ಏರ್‌ಲೈನ್ ರಯಾನ್‌ಏರ್‌ನ ವಿಮಾನಗಳಲ್ಲಿ ದುಡಿಯುತ್ತಿದ್ದ ಕೆಲವು ಸಿಬ್ಬಂದಿಯ ಕರಾರು ಐರಿಷ್ ಕಾನೂನಿನದಾಗಿತ್ತು, ಸಂಬಳ ಐರಿಷ್ ಬ್ಯಾಂಕಿಗೆ, ದಿನದ ಕೆಲಸ ಶುರುವಾಗುತ್ತಿದ್ದುದು ಬೆಲ್ಜಿಯಂನ ಶಾರ್ಲೆರುವಾದಲ್ಲಿ. ಮೊಕದ್ದಮೆ ಯಾವ ದೇಶದ ಕೋರ್ಟಿನಲ್ಲಿ ಎಂದು ತೀರ್ಮಾನಿಸುವಾಗ ಹೋಮ್ ಬೇಸ್, ಅಂದರೆ ಸಿಬ್ಬಂದಿ ದಿನದ ಕೆಲಸ ಶುರುಮಾಡಿ ಮುಗಿಸುವ ಊರು, ಮಹತ್ವದ ಸೂಚಕ, ವಿಮಾನದ ನೋಂದಣಿಯನ್ನು ಅದಕ್ಕೆ ಸಮನಾಗಿ ನೋಡಲಾಗದು ಎಂದು 2017ರ ಸೆಪ್ಟೆಂಬರಿನಲ್ಲಿ ಐರೋಪ್ಯ ನ್ಯಾಯಾಲಯ ಹೇಳಿತು. ಇದು ಕೆಲಸ ಮಾಡುವ ಸೂತ್ರ. ಯುರೋಪಿನ ಹೊರಗಿರುವ ಬ್ಯಾಂಕಾಕಿನಂಥ ಬೇಸ್‌ಗೆ ಮಾತ್ರ ಅದು ಮುಟ್ಟುವುದಿಲ್ಲ.

ಕಂಪನಿಯನ್ನು ತುಂಡು ತುಂಡು ಮಾಡಿಡುವುದರ ಇನ್ನೊಂದು ಫಲ 2020ರ ಏಪ್ರಿಲ್‌ನಲ್ಲಿ ಕಂಡಿತು. ಕೋವಿಡ್ ಹೊಡೆತಕ್ಕೆ ನಾರ್ವೇಜಿಯನ್‌ನ ಸ್ವೀಡನ್, ಡೆನ್ಮಾರ್ಕ್‌ನ ಸಿಬ್ಬಂದಿ ಒದಗಿಸುವ ನಾಲ್ಕು ಅಂಗಸಂಸ್ಥೆಗಳು ದಿವಾಳಿಯಾದವು. ಸುಮಾರು 4,700 ಪೈಲಟ್ ಮತ್ತು ಕ್ಯಾಬಿನ್ ಸಿಬ್ಬಂದಿಯ ಕೆಲಸಕ್ಕೆ ಕುತ್ತು. ಏರ್‌ಲೈನ್ ಉಳಿಯಿತು. ದೂರದ ಹಾರಾಟವನ್ನು ಅದು ಕೈಬಿಟ್ಟದ್ದು 2021ರ ಜನವರಿಯಲ್ಲಿ.

ಆ 787 ಡ್ರೀಮ್‌ಲೈನರ್‌ಗಳಲ್ಲಿ ಕೆಲವನ್ನು ಹೊಸ ಕಂಪನಿ ನಾರ್ಸ್ ಅಟ್ಲಾಂಟಿಕ್ ತೆಗೆದುಕೊಂಡಿತು. 2025ರ ಜುಲೈನಲ್ಲಿ ಇಂಡಿಗೋ ಮುಂಬೈಯಿಂದ ಮ್ಯಾಂಚೆಸ್ಟರ್, ಆಮ್‌ಸ್ಟರ್‌ಡ್ಯಾಮ್‌ಗೆ ಹಾರಾಟ ಶುರುಮಾಡಿದ್ದು ನಾರ್ಸ್‌ನ 787-9 ಬಾಡಿಗೆಗೆ ಪಡೆದು, ಪೈಲಟ್‌ಗಳೂ ನಾರ್ಸ್‌ನವರೇ. ಇಂಥದ್ದನ್ನು ಗುರುತಿಸಲು ಟಿಕೆಟ್ಟಿನಲ್ಲಿ ಹಾರಾಟ ನಡೆಸುವವರು ಯಾರು ಎಂಬ ಸಾಲು ಓದಿ. ವಿಮಾನದ ಹಿಂಭಾಗದ ನೋಂದಣಿ ಅಕ್ಷರ ವಿಟಿ ಆದರೆ ಭಾರತ, ಎಲ್‌ಎನ್ ನಾರ್ವೆ, ಇಐ ಐರ್ಲೆಂಡ್.

ವಿದೇಶಿ ಕಂಪನಿಯ ಕ್ಯಾಬಿನ್ ಕ್ರೂ ಕೆಲಸಕ್ಕೆ ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಅರ್ಜಿ ಹಾಕುವವರು ಸಂಬಳದ ಅಂಕಿಗಿಂತ ಮೊದಲು ಕರಾರಿನಲ್ಲಿ ಹುಡುಕಬೇಕಾದದ್ದು: ಸಹಿ ಹಾಕುವ ಮಾಲೀಕ ಏರ್‌ಲೈನೋ ಏಜೆನ್ಸಿಯೋ, ಹೋಮ್ ಬೇಸ್ ಯಾವ ಊರು, ವ್ಯಾಜ್ಯ ಯಾವ ದೇಶದ ಕೋರ್ಟಿಗೆ. ತಿಂಗಳಿಗೆ ಇಷ್ಟು ಗಂಟೆಯ ಕೂಲಿ ಖಾತ್ರಿ ಎಂಬ ಮಾತು ಅದರಲ್ಲಿ ಇಲ್ಲದಿದ್ದರೆ ಸಹಿ ಹಾಕುವ ಮುನ್ನ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.