ಮಳೆಗೆ ಮುಂಚಿನ ತಾರಸಿ: ಸಿಮೆಂಟು ಯಾವಾಗ ಇಳಿಸಬೇಕು?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಏಪ್ರಿಲ್ ಬಂತೆಂದರೆ ಸಿಮೆಂಟಿಗೆ ಪರದಾಟ. ಅಡಿಕೆ ಕೊಯ್ಲು ಮುಗಿದು ಮಂಡಿಯ ದುಡ್ಡು ಕೈಸೇರಿದ ಮೇಲೆ ಪಾಯ ತೆಗೆದವರೆಲ್ಲ ಜೂನ್ ಮಳೆ ಹಿಡಿಯುವುದರೊಳಗೆ ತಾರಸಿ ಮುಗಿಸಬೇಕು. ಸಿಮೆಂಟು ಬರುವುದು ಸೇಡಂ, ವಾಡಿ, ಬಾಗಲಕೋಟೆ ಕಡೆಯಿಂದ. ಸುಣ್ಣದಕಲ್ಲು ಸುಟ್ಟು ಬರುವ ಗಟ್ಟಿಯೇ ಕ್ಲಿಂಕರ್, ಅದನ್ನು ಅರೆದರೆ ಸಿಮೆಂಟು. ಒಂದು ಟನ್ ಕ್ಲಿಂಕರ್‌ಗೆ ಸುಮಾರು ಒಂದೂವರೆ ಟನ್ ಸುಣ್ಣದಕಲ್ಲು ಬೇಕು, ಹಾಗಾಗಿ ಕಾರ್ಖಾನೆ ಕಲ್ಲು ಸಿಗುವಲ್ಲೇ ಇರುತ್ತದೆ. ಒಂದು ಕಾಲಕ್ಕೆ ಭದ್ರಾವತಿಯ ಕಬ್ಬಿಣ ಕಾರ್ಖಾನೆಯ ಜೊತೆ ಸಿಮೆಂಟ್ ಘಟಕವೂ ಇತ್ತು. ಈಗ ಎಲ್ಲವೂ ರೈಲು, ಲಾರಿಯ ಮೇಲೆ ನಿಂತಿದೆ.

ಈ ಭಯಕ್ಕೆ ಫೆಬ್ರವರಿಯಲ್ಲೇ ನೂರು ಚೀಲ ಇಳಿಸಿಕೊಳ್ಳುವುದು ತಪ್ಪು. ಮೊದಲು ಕೂಡಿಡಬೇಕಾದ್ದು ಜಲ್ಲಿ ಮತ್ತು ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು), ಅವು ಕೆಡುವುದಿಲ್ಲ. ಸಿಮೆಂಟು ಮೂರು ತಿಂಗಳಲ್ಲಿ ಸುಮಾರು ಐದನೇ ಒಂದು ಪಾಲು ಬಲ ಕಳೆದುಕೊಳ್ಳುತ್ತದೆ, ತೇವದ ಕೋಣೆಯಲ್ಲಿ ಇನ್ನೂ ಬೇಗ. 1,000 ಚದರಡಿಯ, 5 ಇಂಚು ದಪ್ಪದ ತಾರಸಿಗೆ 12 ಘನ ಮೀಟರ್ ಕಾಂಕ್ರೀಟು ಲೆಕ್ಕ. ಎಂ20 ಮಿಶ್ರಣಕ್ಕೆ (ಒಂದು ಪಾಲು ಸಿಮೆಂಟಿಗೆ ಒಂದೂವರೆ ಮರಳು, ಮೂರು ಜಲ್ಲಿ) ಘನ ಮೀಟರಿಗೆ 8 ಚೀಲದಂತೆ 96 ಚೀಲ, ಬೀಮು ಬೇರೆ. ಇಷ್ಟಕ್ಕೆ ಅಂಗಡಿಯಲ್ಲಿ ತಿಂಗಳ ಮೊದಲೇ ಮುಂಗಡ ಕೊಟ್ಟಿಡಿ, ಚೀಲ ಇಳಿಸುವುದು ಮಾತ್ರ ತಾರಸಿಗೆ ನಾಲ್ಕೈದು ದಿನ ಇರುವಾಗ. ಚೀಲದ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ. ಓದದೆ ಇಳಿಸಿಕೊಳ್ಳಬೇಡಿ.

ನೆಲದಿಂದ 6-8 ಇಂಚು ಎತ್ತರದ ಹಲಗೆ, ಗೋಡೆಯಿಂದ ಒಂದಡಿ ದೂರ, ಒಂದರ ಮೇಲೊಂದು ಹತ್ತು ಚೀಲ, ಮೇಲೆ ಟಾರ್ಪಾಲು. ಗಂಟು ಸಿಕ್ಕರೆ ಎರಡು ಬೆರಳಲ್ಲಿ ಒತ್ತಿ ನೋಡಿ. ಹುಡಿಯಾದರೆ ಅದು ಭಾರಕ್ಕೆ ಒತ್ತಿಕೊಂಡದ್ದು, ಬಳಸಬಹುದು. ಕಲ್ಲಿನಂತೆ ನಿಂತರೆ ನೀರು ಕುಡಿದಿದೆ. ಅಂಥದ್ದನ್ನು ಜರಡಿ ಹಿಡಿದು ತಾರಸಿಗೆ ಹಾಕುವವರಿದ್ದಾರೆ, ದಯವಿಟ್ಟು ಬೇಡ.

ರೆಡಿಮಿಕ್ಸ್, ಅಂದರೆ ಘಟಕದಲ್ಲೇ ಕಲಸಿ ಗಾಡಿಯಲ್ಲಿ ತರುವ ಕಾಂಕ್ರೀಟು, ಶಿವಮೊಗ್ಗ ನಗರದ ಸುತ್ತ ಸರಿ. ತುಂಬಿದ ಎರಡು ಗಂಟೆಯೊಳಗೆ ಅದು ಇಳಿಯಬೇಕು. ಘಟ್ಟದ ತಿರುವು, ತೋಟದ ಕಿರುದಾರಿ ದಾಟಿ 6 ಘನ ಮೀಟರಿನ ಗಾಡಿ ಬರುವಷ್ಟರಲ್ಲಿ ಮಾಲು ಬಿಗಿಯಾಗಿರುತ್ತದೆ, ಆಗ ಡ್ರಮ್ಮಿಗೆ ನೀರು ಬಿಡುತ್ತಾರೆ. ಬಲ ಹೋಗುವುದು ಅಲ್ಲೇ.

ಸ್ಥಳದಲ್ಲೇ ಕಲಸುವುದಾದರೆ ಬಾಂಡ್ಲಿ ಲೆಕ್ಕ ಬಿಟ್ಟು 40×35×25 ಸೆಂ.ಮೀ. ಪೆಟ್ಟಿಗೆ ಮಾಡಿಸಿ, ಅದು ಒಂದು ಚೀಲ ಸಿಮೆಂಟಿನ ಅಳತೆ, 35 ಲೀಟರ್. ಚೀಲಕ್ಕೆ ಮರಳು ಒಂದೂವರೆ ಪೆಟ್ಟಿಗೆ, ಜಲ್ಲಿ ಮೂರು, ನೀರು 25 ಲೀಟರ್ ಮೀರಬಾರದು. ಏಪ್ರಿಲ್-ಮೇ ಅಡ್ಡಮಳೆಗೆ ನೆನೆದ ಮರಳು ಉಬ್ಬಿರುತ್ತದೆ. ಗಾಜಿನ ಬಾಟಲಿಗೆ 20 ಸೆಂ.ಮೀ. ತುಂಬಿ, ನೀರು ಸೇರಿಸಿ ಕಲಕಿ ಬಿಡಿ. 16ಕ್ಕೆ ಇಳಿದರೆ ಕಾಲುಭಾಗ (16ರ ಮೇಲೆ 4) ಉಬ್ಬಿದೆ ಎಂದರ್ಥ. ಆಗ ಒಂದೂವರೆ ಪೆಟ್ಟಿಗೆಯ ಬದಲು ಎರಡಕ್ಕೆ ಸ್ವಲ್ಪ ಕಡಿಮೆ ಹಾಕಿ. ಆ ಮರಳೇ ಚೀಲಕ್ಕೆ ನಾಲ್ಕು ಲೀಟರಿನಷ್ಟು ನೀರು ತಂದಿರುತ್ತದೆ, ಅಷ್ಟನ್ನು 25ರಲ್ಲಿ ಕಳೆಯಿರಿ.