ನನ್ನ ಮೆಚ್ಚಿನ ಚಿತ್ರಗಳ ಪಟ್ಟಿ: ಮೂರರವರೆಗೆ ಮಾತ್ರ ಕ್ರಮಸಂಖ್ಯೆ

ಸಿನಿಮಾ ಹುಚ್ಚಿನವನು ಎಂದು ಒಮ್ಮೆ ಹೆಸರು ಬಿದ್ದರೆ ಈ ಪ್ರಶ್ನೆ ತಪ್ಪಿದ್ದಲ್ಲ: ‘ನಿಮ್ಮ ಸಾರ್ವಕಾಲಿಕ ಮೆಚ್ಚಿನ ಹತ್ತು ಚಿತ್ರಗಳು ಯಾವುವು? ಕ್ರಮವಾಗಿ ಹೇಳಿ.’ ಕಲೆಗೆ ಅಂಕ ಕೊಡಬಾರದು ಎಂದು ನಕ್ಕು ಜಾರಿಕೊಳ್ಳುವವರಿದ್ದಾರೆ. ನಾನು ಜಾರಿಕೊಳ್ಳುವುದಿಲ್ಲ. ನನ್ನಲ್ಲಿ ಪಟ್ಟಿ ಇದೆ, ಕ್ರಮವೂ ಇದೆ. ಆದರೆ ಅದು ಮೂರನೆಯ ಸ್ಥಾನಕ್ಕೆ ನಿಂತುಬಿಡುತ್ತದೆ.

ಏಕೆ ಎಂದು ಹೇಳುವ ಮೊದಲು, ಜಗತ್ತಿನಲ್ಲಿ ಅತ್ಯಂತ ಗೌರವ ಪಡೆದಿರುವ ಪಟ್ಟಿಯ ಒಳಗುಟ್ಟನ್ನು ನೋಡೋಣ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳುತ್ತ ಬಂದಿದೆ. ಮೊದಲ ಸಲ ಗೆದ್ದದ್ದು ‘ಬೈಸಿಕಲ್ ಥೀವ್ಸ್’, ಆಗ ಅದಕ್ಕೆ ನಾಲ್ಕೇ ವರ್ಷ ವಯಸ್ಸು. ಆ ವರ್ಷ ಮೊದಲ ಹತ್ತರಲ್ಲಿ ಜಾಗವನ್ನೇ ಪಡೆಯದ ‘ಸಿಟಿಜನ್ ಕೇನ್’ 1962ರಲ್ಲಿ ಸಿಂಹಾಸನ ಏರಿ, 2002ರ ಮತದಾನದವರೆಗೂ ಇಳಿಯಲಿಲ್ಲ. 2012ರಲ್ಲಿ ಹಿಚ್‌ಕಾಕ್‌ರ ‘ವರ್ಟಿಗೊ’ ಅದನ್ನು ಇಳಿಸಿತು. 2022ರಲ್ಲಿ ಶಾಂತಾಲ್ ಆಕರ್ಮನ್‌ರ 1975ರ ‘ಜಾನ್ ಡೀಲ್ಮನ್’ ಮೊದಲು ಬಂದಾಗ ದೊಡ್ಡ ಗಲಾಟೆಯೇ ಆಯಿತು. ಮೂರು ಗಂಟೆಗೂ ಮೀರಿದ ಚಿತ್ರ, ಅದರಲ್ಲೊಬ್ಬ ಗೃಹಿಣಿ ಆಲೂಗೆಡ್ಡೆ ಸುಲಿಯುವುದನ್ನೂ ಪೂರ್ತಿ ನೋಡಬೇಕು, ಇದು ಜಗತ್ತಿನ ಶ್ರೇಷ್ಠ ಚಿತ್ರವೇ ಎಂದು.

ಗಲಾಟೆ ಮಾಡಿದವರಲ್ಲಿ ಹೆಚ್ಚಿನವರು ಒಂದು ಸಣ್ಣ ವಿಷಯವನ್ನು ಗಮನಿಸಿದಂತೆ ಕಾಣಲಿಲ್ಲ. ಆ ಮತದಾನದಲ್ಲಿ ಯಾರೂ ಯಾವ ಚಿತ್ರಕ್ಕೂ ಸ್ಥಾನ ಕೊಡುವುದಿಲ್ಲ. ಪ್ರತಿಯೊಬ್ಬರೂ ಹತ್ತು ಹೆಸರು ಬರೆದು ಕಳುಹಿಸುತ್ತಾರೆ, ಹತ್ತಕ್ಕೂ ಒಂದೊಂದೇ ಮತ. ಹೆಚ್ಚು ಜನರ ಹತ್ತರಲ್ಲಿ ಕಾಣಿಸಿಕೊಂಡದ್ದು ಗೆಲ್ಲುತ್ತದೆ. ಎಲ್ಲರಿಗೂ ಎಂಟನೆಯದಾಗಿ ಇಷ್ಟವಾದ ಚಿತ್ರವೂ ಹೀಗೆ ಒಂದನೆಯದಾಗಬಹುದು. ಅಲ್ಲಿ ನಡೆಯುವುದು ಎಣಿಕೆ, ತೀರ್ಮಾನವಲ್ಲ. ಇದನ್ನು ದೂರುತ್ತಿಲ್ಲ, ಸಾವಿರಕ್ಕೂ ಹೆಚ್ಚು ಜನರ ರುಚಿಯನ್ನು ಕೂಡಿಸಲು ಇದಕ್ಕಿಂತ ಸರಳ ದಾರಿ ನನಗೂ ಹೊಳೆಯುವುದಿಲ್ಲ. ಆದರೆ ಒಂದು ಚಿತ್ರವನ್ನು ಇನ್ನೊಂದರ ಪಕ್ಕ ನಿಲ್ಲಿಸಿ ‘ನೀನು ಮೇಲೆ, ನೀನು ಕೆಳಗೆ’ ಎನ್ನುವ ನಿಷ್ಠುರದ ಕೆಲಸ ಒಬ್ಬೊಬ್ಬರೇ ಕೂತು ಮಾಡಬೇಕಾದದ್ದು.

ನನ್ನ ವಿಧಾನ ಸರಳ. ಎರಡು ಚಿತ್ರಗಳನ್ನು ಎದುರಿಗಿಟ್ಟುಕೊಂಡು ಕೇಳಿಕೊಳ್ಳುತ್ತೇನೆ: ಇವೆರಡರಲ್ಲಿ ಒಂದನ್ನು ಇನ್ನು ಮುಂದೆ ನೋಡುವಂತಿಲ್ಲ ಎಂದಾದರೆ ಯಾವುದನ್ನು ಬಿಡುತ್ತೀಯ? ಶ್ರೇಷ್ಠ ಯಾವುದು ಎಂದು ಕೇಳಿಕೊಂಡರೆ ಓದಿದ ವಿಮರ್ಶೆಗಳೆಲ್ಲ ನಡುವೆ ಬಾಯಿ ಹಾಕುತ್ತವೆ. ಬಿಡುವ ಪ್ರಶ್ನೆ ಬಂದಾಗ ಅವು ಸುಮ್ಮನಾಗುತ್ತವೆ.

ಹಾಗೆ ಕೇಳಿದಾಗ ಯಾವುದರ ಎದುರೂ ನಾನು ಬಿಟ್ಟುಕೊಡದ ಚಿತ್ರ ಅಕಿರಾ ಕುರೊಸಾವಾರ ‘ಇಕಿರು’ (1952). ಕಡತಗಳ ರಾಶಿಯ ಹಿಂದೆ ಮುದ್ರೆ ಒತ್ತುತ್ತ ಆಯುಷ್ಯ ಕಳೆದ ವಾತಾನಾಬೆ ಎಂಬ ಅಧಿಕಾರಿಗೆ ಹೊಟ್ಟೆಯ ಕ್ಯಾನ್ಸರ್. ಬದುಕುವುದು ಹೇಗೆ ಎಂದು ಅವನು ತಿಳಿಯಲು ಹೊರಡುವುದೇ ಕಥೆ. ಇಷ್ಟು ಹೇಳಿದರೆ ಉಪದೇಶದ ಚಿತ್ರ ಎನಿಸೀತು. ಹಾಗಾಗದಂತೆ ಕುರೊಸಾವಾ ಏನು ಮಾಡುತ್ತಾರೆ ನೋಡಿ. ಉಪಾಹಾರ ಗೃಹವೊಂದರಲ್ಲಿ ಆತ, ಕಚೇರಿಯ ಕೆಲಸ ಬಿಟ್ಟು ಆಟಿಕೆ ಮಾಡುವ ಕಾರ್ಖಾನೆ ಸೇರಿದ ಹುಡುಗಿಯ ಎದುರು ಕೂತಿದ್ದಾನೆ. ಅವಳು ತಾನು ಮಾಡಿದ ಮೊಲದ ಬೊಂಬೆಯನ್ನು ಮೇಜಿನ ಮೇಲೆ ಕುಣಿಸುತ್ತಾಳೆ. ತನಗೂ ಏನಾದರೂ ಮಾಡಲು ಸಾಧ್ಯ ಎಂದು ಅವನಿಗೆ ಥಟ್ಟನೆ ಹೊಳೆಯುತ್ತದೆ. ಮೊಲವನ್ನು ಹಿಡಿದುಕೊಂಡು ಮೆಟ್ಟಿಲಿಳಿದು ಧಾವಿಸುತ್ತಾನೆ. ಅದೇ ಹೊತ್ತಿಗೆ ಮೆಟ್ಟಿಲ ಬಳಿ ನಿಂತ ಯುವಕ ಯುವತಿಯರು ಹುಟ್ಟುಹಬ್ಬದ ಹಾಡು ಹಾಡುತ್ತಾರೆ. ಹಾಡು ಅವನಿಗಲ್ಲ, ಮೇಲೆ ಬರುತ್ತಿರುವ ಗೆಳತಿಗೆ. ಅವನಿಗೆ ಅದು ಕೇಳಿಸಿತೋ ಇಲ್ಲವೋ.

ಇನ್ನು ಚಿತ್ರ ಸುಮಾರು ಮೂರನೇ ಎರಡು ಭಾಗ ಮುಗಿಯುವ ಹೊತ್ತಿಗೆ ನಾಯಕ ಸತ್ತೇ ಹೋಗುತ್ತಾನೆ. ಉಳಿದದ್ದೆಲ್ಲ ಅವನ ಭಾವಚಿತ್ರದ ಮುಂದೆ ಕುಡಿಯುತ್ತ ಕೂತ ಸಹೋದ್ಯೋಗಿಗಳ ವಾಗ್ವಾದ. ಸಾಯುವ ಮೊದಲು ಅವನು ಹಟ ಹಿಡಿದು ಮಾಡಿಸಿದ ಮಕ್ಕಳ ಉದ್ಯಾನವನ್ನು ನಿಜವಾಗಿ ಕಟ್ಟಿಸಿದವರು ಯಾರು ಎಂಬುದು ಅವರ ಚರ್ಚೆ. ಅಮಲೇರಿದಂತೆ ಎಲ್ಲರೂ ಅತ್ತು, ನಾವೂ ಅವನಂತಾಗುತ್ತೇವೆ ಎಂದು ಶಪಥ ಮಾಡುತ್ತಾರೆ. ಮರುದಿನ ಕಚೇರಿಯಲ್ಲಿ ಅದೇ ರಾಶಿ, ಅದೇ ‘ಆ ವಿಭಾಗಕ್ಕೆ ಹೋಗಿ’. ಈ ಭಾಗ ತುಸು ಉದ್ದವಾಯಿತು ಎಂದು ಒಪ್ಪುತ್ತೇನೆ. ಒಂದು ನಿಮಿಷ ಕತ್ತರಿಸಲು ಮಾತ್ರ ಬಿಡಲಾರೆ.

ಎರಡನೆಯದು ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’. ಪೂರ್ಣಚಂದ್ರ ತೇಜಸ್ವಿಯವರ ಕಥೆ, ತಬರನಾಗಿ ಚಾರುಹಾಸನ್. ಚಿತ್ರಕ್ಕೂ ನಟನಿಗೂ ರಾಷ್ಟ್ರಪ್ರಶಸ್ತಿ ಬಂತು. ನಿವೃತ್ತನಾದವನು ಪಿಂಚಣಿಗಾಗಿ ಅಲೆಯುತ್ತಾನೆ, ಅತ್ತ ಹೆಂಡತಿಯ ಕಾಯಿಲೆ ಬಲಿಯುತ್ತದೆ. ಇವೆರಡು ಚಿತ್ರಗಳು ಒಂದೇ ಮೇಜಿನ ಎರಡು ಬದಿಗಳಲ್ಲಿ ಕೂತಿವೆ ಎಂದು ನನಗೆ ಬಹಳ ತಡವಾಗಿ ಹೊಳೆಯಿತು. ವಾತಾನಾಬೆ ಕಡತದ ಒಳಗಡೆ ಇದ್ದವನು, ತಬರ ಹೊರಗಡೆ ನಿಂತವನು. ಕುರೊಸಾವಾರ ಕಚೇರಿಯಲ್ಲಿ ಒಬ್ಬನಾದರೂ ಎಚ್ಚರಗೊಳ್ಳುತ್ತಾನೆ. ಕಾಸರವಳ್ಳಿಯವರು ಆ ಸಮಾಧಾನವನ್ನೂ ಕೊಡುವುದಿಲ್ಲ. ಹಾಗಾದರೆ ಹೆಚ್ಚು ಪ್ರಾಮಾಣಿಕ ಚಿತ್ರ ಇದೇ ಅಲ್ಲವೇ ಎಂದು ಕೇಳಿದರೆ, ಹೌದು. ಆದರೆ ನಾನು ಹೇಳುತ್ತಿರುವುದು ಮೆಚ್ಚಿನ ಚಿತ್ರಗಳ ಮಾತು. ‘ಇಕಿರು’ವನ್ನು ಯಾವ ದಿನ ಬೇಕಾದರೂ ನೋಡಬಲ್ಲೆ, ‘ತಬರನ ಕಥೆ’ಗೆ ಗಟ್ಟಿ ಮನಸ್ಸು ಬೇಕು.

ಮೂರನೆಯದು ಚಾಪ್ಲಿನ್‌ರ ‘ಸಿಟಿ ಲೈಟ್ಸ್’ (1931). ಕೊನೆಯ ದೃಶ್ಯವನ್ನು ಎಲ್ಲರೂ ಹೊಗಳುತ್ತಾರೆ, ನನಗೆ ಅಚ್ಚರಿಯಾಗುವುದು ಮೊದಲ ಭೇಟಿ. ಕಣ್ಣು ಕಾಣದ ಹೂವಿನ ಹುಡುಗಿ ಒಬ್ಬ ಅಲೆಮಾರಿಯನ್ನು ಶ್ರೀಮಂತ ಎಂದು ತಿಳಿಯಬೇಕು, ಅದೂ ಮಾತಿಲ್ಲದ ಚಿತ್ರದಲ್ಲಿ. ಅವನು ರಸ್ತೆಯಲ್ಲಿ ನಿಂತ ಕಾರಿನೊಳಗಿಂದ ತೂರಿ ಈಚೆ ಇಳಿಯುತ್ತಾನೆ, ಬಾಗಿಲು ಮುಚ್ಚಿದ ಸದ್ದು ಅವಳಿಗೆ ಕೇಳುತ್ತದೆ. ನಮಗೆ ಕೇಳಿಸದ ಆ ಸದ್ದಿನ ಮೇಲೆ ಇಡೀ ಕಥೆ ನಿಂತಿದೆ.

ಇಲ್ಲಿಂದ ಕೆಳಗೆ ನನ್ನ ವಿಧಾನ ಕೈಕೊಡುತ್ತದೆ. ಓಜು ಅವರ ‘ಟೋಕಿಯೊ ಸ್ಟೋರಿ’ಗಿಂತ ‘ಘಟಶ್ರಾದ್ಧ’ವನ್ನು ಬಿಡುವುದು ಕಷ್ಟ. ‘ಘಟಶ್ರಾದ್ಧ’ಕ್ಕಿಂತ ಬಸ್ಟರ್ ಕೀಟನ್‌ರ ‘ದಿ ಜನರಲ್’ ಬಿಡುವುದು ಕಷ್ಟ, ಏಕೆಂದರೆ ನಗು ಇಲ್ಲದೆ ಆಗುವುದಿಲ್ಲ. ಸರಿ, ಹಾಗಾದರೆ ಕೀಟನ್ ಓಜುವಿಗಿಂತ ಮೇಲಿರಬೇಕು. ಇಬ್ಬರನ್ನೂ ಎದುರಿಗಿಟ್ಟು ನೋಡಿದರೆ ಕೈ ಓಜುವಿನತ್ತಲೇ ಹೋಗುತ್ತದೆ! ಮೂವರೂ ಸುತ್ತು ಹಾಕುತ್ತಿದ್ದಾರೆ, ಯಾರಿಗೂ ಸಂಖ್ಯೆ ಕೊಡುವಂತಿಲ್ಲ. ಬಾಲಕನೊಬ್ಬ ಸಹಪಾಠಿಯ ನೋಟುಬುಕ್ ಹಿಂದಿರುಗಿಸಲು ಪಕ್ಕದ ಹಳ್ಳಿಗೆ ಓಡುವ ಕಿಯರೊಸ್ತಮಿಯ ಚಿತ್ರವೂ ಇದೇ ಗುಂಪಿನಲ್ಲಿದೆ. ನಾಲ್ಕರಿಂದ ಹತ್ತರವರೆಗೆ ಗಟ್ಟಿಯಾಗಿ ಅಂಕಿ ಹಾಕುವವರು ಹೀಗೆ ಜೋಡಿ ಕಟ್ಟಿ ನೋಡಿಲ್ಲ ಎಂಬ ಸಂಶಯ ನನ್ನದು.

ಇದಾದ ಮೇಲೆ ಬರುವ ಉಪಪ್ರಶ್ನೆ: ಈ ಶತಮಾನದ ಚಿತ್ರ ಒಂದೂ ಇಲ್ಲವೇ? ಹತ್ತು ವರ್ಷ ತುಂಬದ ಚಿತ್ರವನ್ನು ನಾನು ಪಟ್ಟಿಗೆ ಸೇರಿಸುವುದಿಲ್ಲ. ಹೊಸತರಲ್ಲಿ ಎಲ್ಲವೂ ಚೆಂದ ಕಾಣುತ್ತದೆ. ರಾಮ್ ರೆಡ್ಡಿಯವರ ‘ತಿಥಿ’ 2015ರದು, ಹಾಗಾಗಿ ಅದರ ಗಡುವು ಮುಗಿದಿದೆ. ಯಾವುದಕ್ಕೂ ತಲೆಕೆಡಿಸಿಕೊಳ್ಳದೆ ನಡೆಯುತ್ತಲೇ ಇರುವ ಗಡ್ಡಪ್ಪನನ್ನು ಇನ್ನೊಮ್ಮೆ ನೋಡಿ, ಈ ಸುತ್ತಿನಲ್ಲಿ ಯಾರ ಎದುರು ನಿಲ್ಲಿಸುವುದು ಎಂದು ತೀರ್ಮಾನಿಸಬೇಕು. ಕೀಟನ್‌ಗೆ ಸ್ವಲ್ಪ ಅಪಾಯ ಕಾಣುತ್ತಿದೆ.