ಬೇಲೂರಿನ ಓರೆ ಬಿಸಿಲು

ಹಾಸನದಲ್ಲಿ ಬೆಳಗಿನ ಬಸ್ಸು ಹತ್ತಿದಾಗ ಇನ್ನೂ ಕತ್ತಲಿತ್ತು. ಬೇಲೂರಿಗೆ ಸುಮಾರು 40 ಕಿಲೋಮೀಟರ್. ಬ್ಯಾಗಿನಲ್ಲಿ ಕ್ಯಾಮೆರಾ, ಒಂದು ಜೂಮ್ ಲೆನ್ಸ್, ಒಂದು ನೋಟ್‌ಬುಕ್. ಈ ಸಲ ನನಗೆ ಬೇಕಾಗಿದ್ದು ಅಲ್ಲಿನ ದೇವಸ್ಥಾನದ ಮದನಿಕೆಯರ, ಅಂದರೆ ಸೂರಿನ ಕೆಳಗಿನ ಶಿಲಾಬಾಲಿಕೆಯರ, ಮುಖ ಅಲ್ಲ. ಅವರ ಕಾಲ ಕೆಳಗೆ ಕೊರೆದಿರುವ ಹೆಸರುಗಳು.

ಹೊಯ್ಸಳರ ಕಾಲದ ಶಿಲ್ಪಿಗಳಲ್ಲಿ ಹಲವರು ತಾವು ಮಾಡಿದ ಮೂರ್ತಿಯ ಪೀಠದ ಮೇಲೆ ಹೆಸರು ಬರೆದಿದ್ದಾರೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಸ್ಥಾನದಲ್ಲಿ ಬಳ್ಳಿಗಾವೆಯ ದಾಸೋಜ ಇದ್ದಾನೆ, ಅವನ ಮಗ ಚಾವಣ ಇದ್ದಾನೆ. ನಾಗೋಜ, ಮಲ್ಲಿಯಣ್ಣ, ಚಿಕ್ಕಹಂಪ ಇದ್ದಾರೆ. ಈ ಹೆಸರುಗಳನ್ನು ಒಮ್ಮೆ ಜೋರಾಗಿ ಓದಿ ನೋಡಿ. ನಮ್ಮೂರಿನ ಜಗಲಿ ಮೇಲೆ ಕೂತವರನ್ನು ಕರೆದ ಹಾಗೆ ಕೇಳಿಸುತ್ತದೆ, ಅಲ್ವಾ? ಬಳ್ಳಿಗಾವೆ ಇರುವುದು ಶಿಕಾರಿಪುರದ ಕಡೆ. ಅಪ್ಪ ಮಗ ಅಲ್ಲಿಂದ ಇಲ್ಲಿಗೆ ಕೆಲಸಕ್ಕೆ ಬಂದಿದ್ದರು. ಊರಿನ ಹೆಸರನ್ನೂ ಕಲ್ಲಿನ ಮೇಲೆ ಬಿಟ್ಟು ಹೋದರು.

ಹಿಂದೊಮ್ಮೆ ಇದೇ ಕೆಲಸಕ್ಕೆ ಮಧ್ಯಾಹ್ನ ಬಂದಿದ್ದೆ. ಬಿಸಿಲು ನೆತ್ತಿಯ ಮೇಲಿತ್ತು. ಕಲ್ಲು ಸಪಾಟಾಗಿ ಬಂತು, ಒಂದಕ್ಷರವೂ ಮೂಡಲಿಲ್ಲ. ಕಲ್ಲಿನ ಅಕ್ಷರಕ್ಕೆ ಬೇಕಾಗಿರುವುದು ಜಾಸ್ತಿ ಬೆಳಕಲ್ಲ, ಓರೆ ಬೆಳಕು. ಬಿಸಿಲು ಪಕ್ಕದಿಂದ ಸವರಿಕೊಂಡು ಬಂದರೆ ಪ್ರತಿ ಗೀರಿನ ಒಂದು ಬದಿಗೆ ನೆರಳು ಕೂರುತ್ತದೆ. ಆ ನೆರಳೇ ಅಕ್ಷರ. ಶಾಸನ ಓದುವವರು ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಮಸಿ ಒತ್ತಿ ಅಚ್ಚು ತೆಗೆಯುತ್ತಾರೆ. ಗುಂಡಿಯೊಳಗೆ ಇಳಿದ ಕಾಗದಕ್ಕೆ ಮಸಿ ತಾಗುವುದಿಲ್ಲ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ನನ್ನ ಕೈಯಲ್ಲಿದ್ದದ್ದು ಸೂರ್ಯ ಮಾತ್ರ. ಅದಕ್ಕೇ ಬೆಳಗಿನ ಬಸ್ಸು.

ಬಾಗಿಲು ತೆರೆದ ಕೂಡಲೇ ಒಳಗೆ ಹೋದೆ. ಹಾಸುಗಲ್ಲು ಅಂಗಾಲಿಗೆ ತಣ್ಣಗಿತ್ತು. ಮೂಡಣ ಬಾಗಿಲ ಕಡೆ ಬಿಸಿಲು ಇಳಿಯುವವರೆಗೆ ಕಾದೆ. ಪೀಠದ ಅಂಚಿಗೆ ಬೆಳಕು ತಾಗಿದಾಗ ಮೊದಲು ಒಂದು ತಲೆಕಟ್ಟು ಕಂಡಿತು. ಆಮೇಲೆ ಒಂದು ದುಂಡನೆಯ ಗೀರು. ಪೂರ್ತಿ ಹೆಸರು ಓದಲು ನನಗೆ ಬರಲಿಲ್ಲ, ಹಳೆಯ ಲಿಪಿ. ಆದರೆ ಅದು ಕನ್ನಡ ಅಂತ ಕಣ್ಣಿಗೆ ಗೊತ್ತಾಯಿತು. ಎದೆ ತುಂಬಿ ಬಂತು. ಹತ್ತು ನಿಮಿಷದಲ್ಲಿ ಬಿಸಿಲು ಸರಿಯಿತು, ಅಕ್ಷರವೂ ಹೋಯಿತು.

ಇದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ನಾನು ಸ್ಲೇಟಿನ ಮೇಲೆ ಅ ಆ ತಿದ್ದಿದ್ದು ಬಳಪದಲ್ಲೇ. ದಾಸೋಜನೂ ನಾನೂ ಒಂದೇ ವಸ್ತುವಿನಲ್ಲಿ ಅಕ್ಷರ ಮುಟ್ಟಿದವರು ಅನ್ನುವುದು ಅಲ್ಲಿ ನಿಂತಾಗ ಹೊಳೆಯಿತು.

ಹೊರಗೆ ರಥಬೀದಿಯಲ್ಲಿ ಒಬ್ಬ ಅಜ್ಜಿ ಸೇವಂತಿಗೆ ಕಟ್ಟುತ್ತಾ ಕೂತಿದ್ದರು. "ಅಜ್ಜಿ, ನಿಮ್ಮದೊಂದು ಫೋಟೋ ತೆಗೀಲಾ?" ಅಂದೆ.

"ತೆಕ್ಕೋ ಮಗಾ, ಎಲ್ರೂ ತೆಗೀತಾರೆ. ನನ್ನ ಫೋಟೋ ಯಾವ್ಯಾವ ದೇಶದಾಗೈತೋ. ನಮ್ಮನೇಲಿ ಒಂದೂ ಇಲ್ಲ."

ಕೈ ಹೂವಿನ ಮೇಲೇ ಇತ್ತು. ದೂರಿನ ದನಿಯೂ ಅಲ್ಲ. ನಾನು ಒಂದೇ ಒಂದು ಫೋಟೋ ತೆಗೆದು, ಹೆಸರು ಕೇಳಿ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಅದು ಅವರ ಹೆಸರು, ಇಲ್ಲಿ ಬರೆಯುವುದಿಲ್ಲ.

ಮಧ್ಯಾಹ್ನ ಹಲ್ಮಿಡಿಗೆ ಹೋದೆ. ಅದೂ ಬೇಲೂರು ತಾಲ್ಲೂಕೇ. ಸುಮಾರು 450ನೇ ಇಸವಿಯದು ಎನ್ನುವ ಕನ್ನಡ ಶಾಸನ ಸಿಕ್ಕ ಊರು. 1936ರಲ್ಲಿ ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅದನ್ನು ಗುರುತಿಸಿದರು. ಮೂಲ ಕಲ್ಲು ಈಗ ಮೈಸೂರಿನಲ್ಲಿದೆ, ಊರಿನಲ್ಲಿ ಅದರ ಪ್ರತಿಕೃತಿ ಇದೆ. ಪ್ರತಿಕೃತಿಯ ಫೋಟೋ ಯಾಕೆ ಅಂತ ಮೊದಲು ಅನ್ನಿಸಿತ್ತು. ಆದರೆ ಆ ಶಾಸನದಲ್ಲಿ ಊರಿನ ಹೆಸರೇ ಇದೆ: ಪಲ್ಮಡಿ. ಯುದ್ಧ ಗೆದ್ದ ವಿಜ ಅರಸನಿಗೆ ಪಲ್ಮಡಿಯನ್ನೂ ಇನ್ನೊಂದು ಊರನ್ನೂ 'ಬಾಳ್ಗಳ್ಚು' ಎಂದು, ಅಂದರೆ ಕತ್ತಿ ತೊಳೆದ ಗೌರವಕ್ಕೆ, 'ಕೊಟ್ಟಾರ್'. ಹಳೆಯ ಪಕಾರ ಹಕಾರವಾಯಿತು, ಪಾಲು ಹಾಲಾದ ಹಾಗೆ. ಪಲ್ಮಡಿ ಹಲ್ಮಿಡಿಯಾಯಿತು. ಹಾಗಾಗಿ ಊರಿನ ಬೋರ್ಡು, ಅದರ ಕೆಳಗೆ ಸೈಕಲ್ ನಿಲ್ಲಿಸಿಕೊಂಡ ಹುಡುಗರು, ಇದನ್ನೇ ತೆಗೆದೆ. ನನ್ನ ಮಟ್ಟಿಗೆ ಮೈಸೂರಿನ ಕಲ್ಲಿನಷ್ಟೇ ದೊಡ್ಡ ದಾಖಲೆ ಅದು.

ನಮ್ಮ ಸಂಸ್ಕೃತಿಯ ಫೋಟೋ ಅಂದರೆ ಯಾರಿಗೋ ರೇಷ್ಮೆ ಸೀರೆ ಉಡಿಸಿ, ಕಂಬಕ್ಕೆ ಒರಗಿಸಿ, ಬಣ್ಣ ಏರಿಸುವುದು ಈಗ ಜಾಸ್ತಿ. ಅದರಲ್ಲಿ ಊರೂ ಇಲ್ಲ, ಮನುಷ್ಯರೂ ಇಲ್ಲ. ನನಗದು ಬೇಸರ ತರಿಸುತ್ತದೆ.

ಸಂಜೆ ಬೇಲೂರಿನ ಒಂದು ಸ್ಟುಡಿಯೋದಲ್ಲಿ ಅಜ್ಜಿಯ ಫೋಟೋ ಪ್ರಿಂಟ್ ಹಾಕಿಸಿದೆ. ಮಾರನೇ ದಿನ ಬೆಳಿಗ್ಗೆ ಹಳೇಬೀಡಿಗೆ 16 ಕಿಲೋಮೀಟರ್. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿವೆ. ಟ್ರೈಪಾಡ್ ಇಡಬೇಕಾದರೆ ಮೊದಲೇ ಅನುಮತಿ ಬೇಕು, ನಾನು ಕೈಯಲ್ಲೇ ಹಿಡಿದು ತೆಗೆದೆ. ಇಲ್ಲಿನ ಗೋಡೆಗೆ ಕ್ಯಾಮೆರಾ ಹೊಸದಲ್ಲ. 1850ರ ದಶಕದಲ್ಲೇ ನೀಲ್ ಎಂಬ ಸೇನೆಯ ವೈದ್ಯರು ಬಂದು ಇಲ್ಲಿನ ಹೊಯ್ಸಳೇಶ್ವರ ದೇವಸ್ಥಾನದ ಫೋಟೋ ತೆಗೆದಿದ್ದರು. 1866ರಲ್ಲಿ ಅವು ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಆ ಕಾಲದ ಇಂಥ ಫೋಟೋಗಳಲ್ಲಿ ಗೋಡೆಯ ಎತ್ತರ ತಿಳಿಯಲಿ ಅಂತ ಕೆಲವೊಮ್ಮೆ ಒಬ್ಬ ಮನುಷ್ಯನನ್ನು ನಿಲ್ಲಿಸುತ್ತಿದ್ದರು. ಅವನ ಹೆಸರು ಸಾಮಾನ್ಯವಾಗಿ ಎಲ್ಲೂ ಇರುವುದಿಲ್ಲ. ಆನೆ, ಸಿಂಹ, ಬಳ್ಳಿ, ಕುದುರೆ ಸಾಲುಗಳ ಮುಂದೆ ನಡೆಯುವಾಗ ನನಗೆ ಆ ಮನುಷ್ಯನದೇ ಯೋಚನೆ. ಮೂರ್ತಿ ಕಡೆದವನ ಹೆಸರು 900 ವರ್ಷ ಉಳಿದಿದೆ. ಮೊನ್ನೆ ಮೊನ್ನೆ ಫೋಟೋದಲ್ಲಿ ನಿಂತವನ ಹೆಸರು ಹೋಗಿದೆ.

ಮಧ್ಯಾಹ್ನದ ಹೊತ್ತಿಗೆ ಬೇಲೂರಿಗೆ ವಾಪಸ್ ಬಂದು ಅಜ್ಜಿಗೆ ಪ್ರಿಂಟ್ ಕೊಟ್ಟೆ. ಹಿಂದೆ ಅವರ ಹೆಸರು, ಊರು, ದಿನಾಂಕ ಬರೆದಿದ್ದೆ. ಕೈಯನ್ನು ಸೆರಗಿಗೆ ಒರೆಸಿಕೊಂಡು ತಗೊಂಡರು. ಹತ್ತಿರ ಹಿಡಿದರು, ದೂರ ಹಿಡಿದರು.

"ನಮ್ಮವ್ವನ ಹಂಗೇ ಕಾಣ್ತೀನಲ್ಲೇ," ಅಂದರು. ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಓಲೆ ಕಂಡಿಲ್ಲ ಕಣವ್ವ. ಅದು ಅವಳದೇ ಓಲೆ. ಇನ್ನೊಂದು ತೆಗಿ."

ಬಿಸಿಲು ಇನ್ನೂ ಮೇಲಿತ್ತು. "ಅಜ್ಜಿ, ಸಂಜೆ ತನಕ ಇರ್ತೀರಾ?" ಅಂದೆ. ಇರುತ್ತೇನೆ ಅಂದರು. ನಾನೂ ಪಕ್ಕದಲ್ಲೇ ಕೂತೆ. ಐದು ಗಂಟೆಗೆ ಬಿಸಿಲು ಬೀದಿಯ ಆ ಕಡೆಯಿಂದ ಓರೆಯಾಗಿ ಬಂತು. ಅಜ್ಜಿ ತಾವೇ ಸೆರಗು ಹಿಂದಕ್ಕೆ ಸರಿಸಿ, ಕಿವಿಯನ್ನು ಬೆಳಕಿಗೆ ತಿರುಗಿಸಿದರು.